ಒಂಟಿ ಹುಲಿಯ ಬೆನ್ನು

ತನ್ನ ಕೈ ತನ್ನ ಬೆನ್ನಿಗೆ ಎಟಕುವುದಿಲ್ಲ ಎಂಬಷ್ಟು ಸಣ್ಣ ಕಾರಣಕ್ಕೆ ಬನ್ನಂಜೆಯ ಮುದ್ದಣ್ಣನ ಆ ವರ್ಷದ ಅಷ್ಟಮಿ ಕೆಟ್ಟಿತು.

ಕೃಷ್ಣಾಷ್ಟಮಿಗೆ ಹುಲಿವೇಷ ಹಾಕುವವರೆಲ್ಲ ಒಂದೊಂದು ಸಂಘದವರು. ಒಬ್ಬರಿಗೊಬ್ಬರು ಬಣ್ಣ ಬಳಿದುಕೊಂಡು ಸಂಘದ ತಾಸೆವಾದ್ಯದ ಬಡಿತಕ್ಕೆ ಕುಣಿಯುತ್ತಾರೆ. ಮುದ್ದಣ್ಣ ಒಂಟಿ ಹುಲಿ. ಯಾರದೋ ತಾಸೆ ಕೇಳಿಸುವಷ್ಟು ದೂರದಲ್ಲಿ ನಿಂತು ಕುಣಿಯುವುದು. ಬೆನ್ನಿಗೆ ಬಣ್ಣವಿಲ್ಲದ್ದರಿಂದ ಹಲ್ಲಿಯ ಹಾಗೆ ಗೋಡೆಗೆ ಅಂಟಿಕೊಂಡೇ ಕುಣಿಯುವುದು.

ಈ ಸಲ ಸ್ಪರ್ಧೆಯಲ್ಲಿ ಸಂಘಗಳಿಗಲ್ಲದೆ ಒಂಟಿ ವೇಷಕ್ಕೂ ಬಹುಮಾನವಿತ್ತು. ಏನು ಬಹುಮಾನವೆಂದು ಅವನು ಕೇಳಲಿಲ್ಲ. ಗೆದ್ದವನ ಹೆಸರನ್ನು ಮೈಕಿನಲ್ಲಿ ಕರೆಯುತ್ತಾರಂತೆ, ಅಷ್ಟು ಸಾಕಿತ್ತು. ಮಣಿಪಾಲದ ಪ್ರೆಸ್ಸಿನಲ್ಲಿ ಕಾಗದ ಕತ್ತರಿಸುವ ಅವನನ್ನು ಎಲ್ಲರೂ ಕರೆಯುತ್ತಿದ್ದುದು "ಏಯ್ ಕಟಿಂಗ್" ಎಂದು.

ಬೆಳಿಗ್ಗೆ ಬ್ರಷ್ ಹಿಡಿದು ಪಕ್ಕದ ಮನೆಗೆ ಹೋದ.

"ಒಲಿಂಡಾಬಾಯಿ, ಬೆನ್ನಿಗೆ ನಾಲ್ಕು ಪಟ್ಟೆ ಎಳೆದು ಕೊಡ್ತೀರಾ?"

"ಎಂತ ಮಾರಾಯ, ನೋಡಿದವರು ಎಂತ ಹೇಳಿಯಾರು? ಇದಕ್ಕೇ ಹೇಳಿದ್ದು, ಮದುವೆ ಆಗು ಅಂತ."

"ಪಟ್ಟೆ ಎಳೆಯಲಿಕ್ಕೆ ಮದುವೆಯಾ?"

"ಮತ್ತೆ? ನನ್ನ ಗಂಡ ಲೂಯಿಸರ ಬೆನ್ನು ತಿಕ್ಕುವುದಲ್ಲದೆ ನನಗೆ ಬೇರೆಂತ ಕೆಲಸ ಉಂಟು?"

ದಾರಿಯಲ್ಲಿ ಹೋಗುತ್ತಿದ್ದ ಹುಲಿ ಸಂಘದ ಮುಖ್ಯಸ್ಥ ಸಂಜೀವ ಇದನ್ನು ಕೇಳಿ ನಿಂತ. "ಬಾ, ನಾನು ಎಳೆದು ಕೊಡ್ತೇನೆ. ಸಂಘಕ್ಕೆ ಸೇರು ಅಂತ ಹೇಳುವುದಿಲ್ಲ."

ಬ್ರಷ್ ತಣ್ಣಗೆ ಬೆನ್ನ ಮೇಲೆ ಹರಿಯಿತು. ಆ ಬೆನ್ನನ್ನು ಯಾರಾದರೂ ಮುಟ್ಟಿ ಎಷ್ಟು ಕಾಲವಾಗಿತ್ತೋ. ಹುಲಿಯ ಕಣ್ಣಲ್ಲಿ ನೀರು ಬಂದು ಮೀಸೆಯ ಬಣ್ಣ ಕದಡಿತು.

ಅಂದು ಮುದ್ದಣ್ಣ ಮೊದಲ ಬಾರಿಗೆ ಗೋಡೆ ಬಿಟ್ಟು, ನಡುಬೀದಿಯಲ್ಲಿ ಬುಗುರಿಯಂತೆ ತಿರುಗಿ ತಿರುಗಿ ಕುಣಿದ. ವೇದಿಕೆಯ ಮುಂದೆಯೂ ತಿರುಗಿದ. ತೀರ್ಪು ಕೊಡಲು ಕೂತಿದ್ದ ಜನಾರ್ದನ ಮಾಷ್ಟ್ರು ಕನ್ನಡಕ ಸರಿಮಾಡಿಕೊಂಡರು.

"ನಿಲ್ಲು. ಬೆನ್ನಿನಲ್ಲಿ ಕೆಂಪು ಗೀಟು ಉಂಟಲ್ಲ, ಅದು ಸಂಜೀವನ ಸಂಘದ ಗುರುತು ಅಲ್ವಾ?"

"ಹೌದು ಮಾಷ್ಟ್ರೇ, ನಮ್ಮದೇ ಹುಲಿ," ಸಂಜೀವ ಕೈ ಮುಗಿದ. "ಒಬ್ಬನಿಗೆ ಜ್ವರ ಬಂದು ಸ್ಪರ್ಧೆಗೆ ಬೇಕಾದ ಲೆಕ್ಕಕ್ಕೆ ನಮ್ಮಲ್ಲಿ ಒಂದು ಹುಲಿ ಕಮ್ಮಿ ಇತ್ತು. ಈಗ ಸರಿಯಾಯ್ತು."

"ನಾನು ಒಂಟಿ, ಮಾಷ್ಟ್ರೇ," ಎಂದ ಮುದ್ದಣ್ಣ.

"ಎದುರಿನಿಂದ ಮಾತ್ರ," ಎಂದರು ಮಾಷ್ಟ್ರು.

ಮೈಕಿನಲ್ಲಿ ಸಂಘದ ಹೆಸರು ಮೊಳಗಿತು. ಬಹುಮಾನದ ಜೊತೆಗೆ ಊಟವೂ ಇತ್ತು. ಸಂಘದವರ ಹಿಂದೆ ಹಿಂದೆ ಹೋದ ಮುದ್ದಣ್ಣನನ್ನು ಸಂಜೀವ ಊಟದ ಮನೆಯ ಬಾಗಿಲಲ್ಲಿ ತಡೆದ.

"ಬೇಜಾರು ಮಾಡ್ಬೇಡ. ಊಟದ ಎಲೆ ಸಂಘದವರಿಗೆ ಮಾತ್ರ."

ಸಂಜೆ ಬಾವಿಕಟ್ಟೆಯಲ್ಲಿ ಸಂಘದ ಹುಲಿಗಳು ಒಂದರ ಬೆನ್ನನ್ನು ಒಂದು ಸೀಮೆಎಣ್ಣೆಯಲ್ಲಿ ತಿಕ್ಕಿ, ನಗುನಗುತ್ತ ಮನುಷ್ಯರಾದವು. ಮುದ್ದಣ್ಣ ತನ್ನ ಕೋಣೆಯ ಹಿಂದೆ ಒಬ್ಬನೇ ತಿಕ್ಕಿಕೊಂಡ. ಎದೆ ಮನುಷ್ಯನದಾಯಿತು. ಬೆನ್ನಿಗೆ ಕೈ ಎಟಕಲಿಲ್ಲ.

ಮರುದಿನ ಪ್ರೆಸ್ಸಿನಲ್ಲಿ ಬೆವರಿಗೆ ಬಿಳಿ ಅಂಗಿಯ ಮೇಲೆ ಹಳದಿ ಪಟ್ಟೆ, ಕೆಂಪು ಗೀಟು ಮೂಡಿದವು. ಎಲ್ಲರೂ ಅವನ ಸುತ್ತ ನೆರೆದರು.

"ಅರೆ, ಗೆದ್ದ ಸಂಘದ ಹುಲಿ ನೀನಾ? ಹೇಳಲೇ ಇಲ್ಲ!"

ಅಂದಿನಿಂದ ಅಲ್ಲಿ ಅವನನ್ನು ಯಾರೂ ಕಟಿಂಗ್ ಎನ್ನಲಿಲ್ಲ.

"ಏಯ್ ಸಂಘ," ಎನ್ನುತ್ತಾರೆ, "ಆ ಕಾಗದದ ಕಟ್ಟು ಇತ್ತ ಕೊಡು."