ಮೂರನೆಯ ಕಿಟಕಿ

ಹೊರಗಿನಿಂದ ಎಣಿಸಿದರೆ ಮೂರು, ಒಳಗಿನಿಂದ ಎಣಿಸಿದರೆ ಎರಡು. ಹಾಗಾದರೆ ಆ ಇನ್ನೊಂದು ಕಿಟಕಿ ನಿಜವಾಗಿಯೂ ಇದೆಯೋ, ಇಲ್ಲವೇ ಖಾಲಿ ಮನೆ ನೋಡಲು ಬಂದ ದಿನ ತಾನು ನಿಂತಲ್ಲೇ ಕಂಡ ಕನಸೋ? ಚಲುವರಾಜು ತಣ್ಣಗಾದ ಕಾಫಿ ಹಿಡಿದುಕೊಂಡು ಬೀರುವನ್ನೇ ನೋಡುತ್ತಿದ್ದ. ಮೂರು ವರ್ಷದ ಹಿಂದೆ ಅಲ್ಲೊಂದು ಕಿಟಕಿ ಇತ್ತು, ಕಿಟಕಿಯಲ್ಲಿ ಹೊಳೆ ಇತ್ತು. ಮಾರನೆಯ ದಿನ ಬೀರು ಬಂತು.

ಅದು ಹೆಂಡತಿ ತನುಶ್ರೀಯ ತವರಿನವರು ಮದುವೆಗೆ ಕೊಟ್ಟ ಕಬ್ಬಿಣದ ಬೀರು. ಶ್ರೀರಂಗಪಟ್ಟಣದ ಆ ಪುಟ್ಟ ಫ್ಲಾಟಿನ ಮಲಗುವ ಕೋಣೆಯ ಬಾಗಿಲಲ್ಲಿ ಹಿಡಿಸದೆ, ಮದುವೆಮನೆಯ ಮುಂದಿನ ಸಾಲಿನಲ್ಲಿ ಕೂತ ದೊಡ್ಡಪ್ಪನಂತೆ ಹಾಲ್‌ನಲ್ಲೇ ನಿಂತುಬಿಟ್ಟಿತ್ತು. ಅದನ್ನು ಹೊರಿಸಿಕೊಂಡು ಬಂದ ದಿನ ಮಾವ ಜವರಯ್ಯ, ಜಾಗ ಸಾಲದಿದ್ದರೆ ಒಂದು ಮಾತು ಹೇಳಿ, ನಮ್ಮ ಮನೆಗೇ ವಾಪಸ್ಸು ಕಳಿಸಿ ಎಂದಿದ್ದರು. ಅದು ಬರಿಯ ಉಪಚಾರದ ಮಾತು ಎಂದು ಚಲುವರಾಜುವಿಗೆ ಈವರೆಗೂ ಹೊಳೆದಿರಲಿಲ್ಲ.

ಅವನು ಪಾಂಡವಪುರದ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸಕ್ಕಿದ್ದ. ಮಾತಿಲ್ಲದ ಕೆಲಸ, ಅವನಿಗೆ ಒಗ್ಗಿತ್ತು. ಅಲ್ಲಿಗೆ ಬರುವ ವಾರಪತ್ರಿಕೆಯೊಂದರಲ್ಲಿ ಚಿಕ್ಕ ಮನೆ ದೊಡ್ಡದಾಗಿ ಕಾಣಲು ಏನು ಮಾಡಬೇಕೆಂದು ಬರೆದಿದ್ದರು. ಕಿಟಕಿಗೆ ಅಡ್ಡ ಏನೂ ಇಡಬೇಡಿ, ಬೇಡದ್ದನ್ನು ಸಾಗಹಾಕಿ, ಗೋಡೆಗೆ ಕನ್ನಡಿ ಹಾಕಿ. ಓದಿದಾಗ ಅವನಿಗೆ ಹೋದ ತಿಂಗಳು ತನುಶ್ರೀ ಆಡಿದ ಮಾತು ನೆನಪಾಯಿತು. "ಈ ಮನೇಲಿ ಉಸ್ರಾಡಕ್ಕೂ ಸರದೀಲಿ ನಿಲ್ಬೇಕು ಕಣ್ರಿ."

ತಾಯಿಯ ಮಂಡಿನೋವೆಂದು ಅವಳು ನಾಲ್ಕು ದಿನದಿಂದ ಸಂತೆಬಾಚಹಳ್ಳಿಯ ತವರಿನಲ್ಲಿದ್ದಳು. ಸಂಜೆ ಬರುತ್ತಾಳೆ. ಅವಳನ್ನು ಚಾಪೆಯ ಮೇಲೆ ಕೂರಿಸಿ, ಏನೂ ಹೇಳದೆ, ಕಿಟಕಿ ತೆರೆಯಬೇಕು. ಅಷ್ಟೇ. ಅವನು ರಜೆ ಹಾಕಿ, ಬೀರುವನ್ನು ಮಾವನ ಮನೆಗೆ ಸಾಗಿಸಲು ಬೆಳಿಗ್ಗೆಯೇ ಗೂಡ್ಸ್ ಆಟೋದ ಮರಿಸ್ವಾಮಿಯನ್ನು ಕರೆಸಿದ.

ಬೀರುವನ್ನು ಮೆಟ್ಟಿಲಿನ ತಿರುವಿಗೆ ಇಳಿಸುವಾಗ ಮರಿಸ್ವಾಮಿ ನಿಂತ. "ಅಣ್ಣ, ಒಳ್ಗೆ ಸೀರೆ ಗೀರೆ ಇದ್ದಂಗದೆ. ತಗ್ದುಬುಡಿ."

"ಬೀಗದ ಕೈ ಅವಳ ತಾವದೆ. ಅಂಗೇ ತಕೊಂಡೋಗು."

"ಅಕ್ಕ ಎಲ್ಲವ್ರೆ?"

"ಅಲ್ಲೇ ಅವ್ಳೆ."

ಮರಿಸ್ವಾಮಿ ಮುಂದೆ ಏನೂ ಕೇಳಲಿಲ್ಲ. ಅದೇ ಹೊತ್ತಿಗೆ ಪೂಜೆಗೆ ಹೂವು ಬಿಡಿಸಿಕೊಂಡು ಮೆಟ್ಟಿಲು ಹತ್ತುತ್ತಿದ್ದ ಎದುರು ಮನೆಯ ನಿವೃತ್ತ ಮೇಷ್ಟ್ರು ಜಯರಾಮಯ್ಯನವರೂ ಕೇಳಲಿಲ್ಲ. ಕೇಳುವುದೇನಿತ್ತು? ಹೆಣ್ಣು ತಂದ ಬೀರು, ಸೀರೆಗಳ ಸಮೇತ, ಹೆಣ್ಣು ತವರಿನಲ್ಲಿರುವಾಗ ಗಂಡನ ಮನೆಯ ಮೆಟ್ಟಿಲಿಳಿದರೆ ಆ ಸೀಮೆಯಲ್ಲಿ ಅದಕ್ಕೆ ಒಂದೇ ಅರ್ಥ. ಸಂಸಾರ ಮುಗಿಯಿತು.

ತನುಶ್ರೀ ಊರಿನಿಂದ ಬೆಣ್ಣೆ ತರಿಸಿಕೊಡುತ್ತಿದ್ದುದರಿಂದ ಜವರಯ್ಯನ ನಂಬರು ಮೇಷ್ಟ್ರ ಹೆಂಡತಿ ಭಾಗೀರಥಮ್ಮನ ಬಳಿ ಇತ್ತು. ಮೇಷ್ಟ್ರು ಫೋನಿನಲ್ಲಿ ಹೇಳಿದ್ದಿಷ್ಟೇ: "ನಾನೇನೂ ಹೇಳೋಲ್ಲ. ಬೀರು ಬರ್ತಾ ಇದೆ. ನೋಡ್ಕೊಂಡು ನೀವೂ ಬನ್ನಿ."

ಇತ್ತ ಚಲುವರಾಜು ಜೇಡರಬಲೆ ಗುಡಿಸಿ, ತುಕ್ಕು ಹಿಡಿದ ಚಿಲಕವನ್ನು ಗುದ್ದಿ ಗುದ್ದಿ ತೆರೆದ. ಕಿಟಕಿ ನಿಜವಾಗಿತ್ತು. ಎರಡು ತಾರಸಿಗಳ ನಡುವೆ, ತೆಂಗಿನ ಗರಿಗಳ ಸಂದಿಯಲ್ಲಿ, ಒಂದು ಅಂಗೈಯಗಲ ಹೊಳೆ. ಅವನು ಫೋನನ್ನು ಸೈಲೆಂಟಿಗಿಟ್ಟು ಚಾಪೆಯ ಮೇಲೆ ಕೂತ. ಬೀರು ನಿಂತಿದ್ದ ಜಾಗದಲ್ಲಿ ಬಿಸಿಲು ಬಂದು ಮಲಗಿತು. ಗಾಳಿ ಒಳಗೆ ಬಂದು, ಹೊಸ ಬಾಡಿಗೆದಾರನ ಹಾಗೆ ಒಂದೊಂದೇ ಮೂಲೆ ನೋಡಿಕೊಂಡು ಹೋಯಿತು. ನೀರು ಹರಿಯುತ್ತಿದೆಯೋ ಮನೆಯೇ ತೇಲುತ್ತಿದೆಯೋ ತಿಳಿಯದಂತಾಯಿತು. ಗೋಡೆಗಳು ಒಂದೊಂದು ಹೆಜ್ಜೆ ಹಿಂದೆ ಸರಿದು ನಿಂತವು. ಎಷ್ಟು ಹೊತ್ತು ಕೂತಿದ್ದನೋ, ಅವನು ಗಡಿಯಾರ ನೋಡಲಿಲ್ಲ.

ಮಧ್ಯಾಹ್ನ ಭಾಗೀರಥಮ್ಮ ಹುಳಿಯನ್ನ ತಂದರು. ಖಾಲಿ ಹಾಲ್‌ನಲ್ಲಿ ಒಬ್ಬನೇ ಕೂತವನನ್ನು ನೋಡಿ, ಎದುರೇ ಕೂತು ಬಡಿಸಿದರು. ಹುಳಿಯ ಖಾರಕ್ಕೆ ಅವನ ಕಣ್ಣಲ್ಲಿ ನೀರು ಬಂತು. "ಅಳಬೇಡಪ್ಪ, ಎಲ್ಲಾ ಸರಿಹೋಗತ್ತೆ" ಎಂದು ಸಮಾಧಾನ ಮಾಡಿ, ಕೋತಿ ಬರುತ್ತವೆಂದು ಕಿಟಕಿಯನ್ನು ಭದ್ರವಾಗಿ ಮುಚ್ಚಿ ಹೋದರು. ಏನು ಸರಿಹೋಗಬೇಕೆಂದು ಅವನಿಗೆ ತಿಳಿಯಲಿಲ್ಲ. ಫೋನು ತೆಗೆದು ನೋಡಿದ. ತನುಶ್ರೀಯಿಂದ ಹತ್ತೊಂಬತ್ತು ಸಲ ಕರೆ ಬಂದಿತ್ತು.

ವಾಪಸ್ಸು ಕರೆ ಮಾಡುವಷ್ಟರಲ್ಲಿ ಕೆಳಗೆ ಜೀಪು ನಿಂತ ಸದ್ದಾಯಿತು.

ಜವರಯ್ಯ, ಅತ್ತೆ ಚಿಕ್ಕಬೋರಮ್ಮ, ಊರಿನ ನಾಲ್ವರು ಹಿರಿಯರು, ಅವರ ಹಿಂದೆ ಕಣ್ಣು ಊದಿಸಿಕೊಂಡ ತನುಶ್ರೀ. ಮೇಷ್ಟ್ರೂ ಅವರ ಹೆಂಡತಿಯೂ ಕರೆಯದೆಯೇ ಬಂದರು. ಎಲ್ಲರೂ ನೆಲದ ಮೇಲೆ ಸುತ್ತ ಕೂತರು. ಮೂರು ವರ್ಷದಲ್ಲಿ ಮೊದಲ ಬಾರಿಗೆ ಆ ಹಾಲ್‌ನಲ್ಲಿ ಹತ್ತು ಜನ ಮೈ ತಾಗದೆ ಕೂತಿದ್ದರು. ಹಿರಿಯರೊಬ್ಬರು ಸುತ್ತ ನೋಡಿ, "ಮನೆ ಅಗಲವಾಗೇ ಅದೆ ಕಣ್ಲಾ ಜವರ" ಎಂದರು.

"ಅಳಿಯಂದ್ರು ಬಾಯ್ಬುಡ್ಬೇಕು" ಎಂದರು ಜವರಯ್ಯ.

ಚಲುವರಾಜು ಮಾತು ಹುಡುಕಿದ. ಅವನ ಎರಡು ಮಾತುಗಳ ನಡುವೆ ಯಾವಾಗಲೂ ಒಂದು ಬಸ್ಸು ತಿರುಗಿಸುವಷ್ಟು ಜಾಗ ಇರುತ್ತಿತ್ತು. ಕೊನೆಗೆ ಹೆಂಡತಿಯ ಮಾತೇ ನೆನಪಾಗಿ, "ಉಸ್ರಾಡಕ್ಕಾಯ್ತಿರ್ಲಿಲ್ಲ" ಎಂದ.

ತನುಶ್ರೀ ಬಿಕ್ಕಿದಳು. "ಉಸ್ರಾಡಕ್ಕಾಗ್ದಂಗೆ ನನ್ ಮಗ್ಳು ಏನ್ ಮಾಡುದ್ಲಪ್ಪ?" ಎಂದು ಚಿಕ್ಕಬೋರಮ್ಮ ಕೇಳಿದರು. ಅವಳಲ್ಲ, ಬೀರು ದೊಡ್ಡದು, ಅದಕ್ಕೇ ಕಳಿಸಿದೆ ಎಂದು ಅವನು ತೊದಲಿದ. ಹಿರಿಯರು ಮುಖ ಮುಖ ನೋಡಿಕೊಂಡರು. ಜಾಗ ಸಾಲದೆಂದು ಯಾರಾದರೂ ಹೆಂಡತಿಯ ಬೀರು ಕಳಿಸುವುದುಂಟೇ? ಓದಿದವರು ಮನಸ್ಸಿನಲ್ಲಿರುವುದನ್ನು ನೇರವಾಗಿ ಹೇಳುವುದಿಲ್ಲ.

ಜವರಯ್ಯ ಕೈ ಎತ್ತಿದರು. "ಸಾಕು ಬುಡಿ ಅಳಿಯಂದ್ರೇ, ದಾರೀಲೇ ನಂಗೊತ್ತಾಯ್ತು. ಓದ್ವರ್ಸ ಚಿಕ್ಕಳಿಯಂಗೆ ಕನ್ನಡಿ ಬೀರು ಕೊಟ್ಟೆ, ನಿಮ್ಗೆ ಕೊಟ್ಟಿದ್ದು ಬೋಳು ಬೀರು. ನೀವು ಕೇಳೋ ಪೈಕಿ ಅಲ್ಲ, ನಾನೇ ತಿಳ್ಕೋಬೇಕಿತ್ತು. ತಪ್ಪು ನಂದು." ಆಮೇಲೆ ಮೆಟ್ಟಿಲ ಕಡೆ ಕೂಗಿದರು. "ತಕೊಂಬಾರ್ಲಾ ಮರಿಸ್ವಾಮಿ."

ಬರುವ ದಾರಿಯಲ್ಲಿ ಕೆ.ಆರ್.ಪೇಟೆಯಲ್ಲಿ ಕೊಂಡು ಮರಿಸ್ವಾಮಿಯ ಆಟೋಗೆ ಹೇರಿಸಿದ್ದ ಹೊಸ ಬೀರು ಮೇಲೆ ಬಂತು. ಎರಡು ಬಾಗಿಲು, ಒಂದರ ತುಂಬ ಕನ್ನಡಿ, ಹಳೆಯದಕ್ಕಿಂತ ಒಂದು ಗೇಣು ಅಗಲ. ಅದರ ಹಿಂದೆಯೇ ಹಳೆಯದೂ ಬಂತು. ಕೊಟ್ಟದ್ದನ್ನು ವಾಪಸ್ಸು ಇಟ್ಟುಕೊಳ್ಳುವ ಜನ ತಾವಲ್ಲ ಎಂದು ಜವರಯ್ಯ ಖಂಡಿತವಾಗಿ ಹೇಳಿದರು. ಹೊಸದನ್ನು ಎಲ್ಲಿಡುವುದೆಂಬ ಚರ್ಚೆಯನ್ನು ಮೇಷ್ಟ್ರು ಮುಗಿಸಿದರು. ಮುಚ್ಚಿದ ಕಿಟಕಿಗೆ ಒತ್ತಿ ಇಟ್ಟರೆ ಕೋತಿ ಕಾಟವೂ ತಪ್ಪುತ್ತದಲ್ಲ. ಹಳೆಯದು ಬಾಗಿಲ ಪಕ್ಕ ನಿಂತಿತು. ಅಂದಿನಿಂದ ಬಾಗಿಲು ಅರ್ಧ ಮಾತ್ರ ತೆರೆಯುತ್ತದೆ. ಕೂತಿದ್ದವರೆಲ್ಲ ಏಳಬೇಕಾಯಿತು, ಎದ್ದವರು ಓರೆಯಾಗಿ ನುಸುಳಿಕೊಂಡು ಹೊರಗೆ ಹೋದರು.

ಸಂಜೆ ಇಬ್ಬರೇ ಉಳಿದರು. ಚಲುವರಾಜು ಬೀರುಗಳನ್ನು ಎಣಿಸಿದ. ಎರಡು. ಕನ್ನಡಿಯೊಳಗಿನದೂ ಸೇರಿದರೆ ಮೂರು.

ತನುಶ್ರೀ ಮುಖ ತೊಳೆದು ಬಂದು ಕನ್ನಡಿಯ ಮುಂದೆ ನಿಂತಳು. ಕುಂಕುಮ ಇಟ್ಟುಕೊಂಡು, ಒಂದು ಹೆಜ್ಜೆ ಹಿಂದೆ ಸರಿದು, ಆ ದಿನದಲ್ಲಿ ಮೊದಲ ಸಲ ನಕ್ಕಳು. "ನೋಡ್ರೀ, ಮನೆ ಎಷ್ಟು ಅಗ್ಲ ಕಾಣ್ತದೆ. ನಿಜ ಯೋಳಿ, ಈ ಕನ್ನಡಿಗೋಸ್ಕರಾನೇ ಅಲ್ವಾ ನೀವು ಅಂಗ್ ಮಾಡಿದ್ದು?"

ಅವನು ಹೂಂ ಎಂದ. ಕನ್ನಡಿಯ ಹಿಂದೆ ಒಂದು ಅಂಗೈಯಗಲ ಹೊಳೆ ಇದೆ ಎಂದು ಅವನು ಅವಳಿಗೆ ಹೇಳಲಿಲ್ಲ.