ನಡುನೀರಿನಲ್ಲಿ ಬಿಟ್ಟ ಗೌರವ್ವ

ಬರೆಯುವವನಿಗೆ ಓದುಗರು ಸಿಗದಿರುವುದು ದುಃಖ ಎಂದು ಎಲ್ಲರೂ ಹೇಳುತ್ತಾರೆ. ಓದುಗನೊಬ್ಬ ನಿಜವಾಗಿ ಸಿಕ್ಕಿಬಿಟ್ಟರೆ ಏನು ಗತಿ ಎಂಬುದನ್ನು ಯಾರೂ ಹೇಳುವುದಿಲ್ಲ. ನನಗೆ ಅಂಥವನು ಸಿಕ್ಕಿದ್ದು ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ. ಆಗ ನಾನು ಕೊಪ್ಪಳದಲ್ಲಿ ಮಾಸ್ತರನಾಗಿದ್ದೆ. ಶಾಲೆಯಲ್ಲಿ ಉರ್ದುವಿನಲ್ಲಿ ಲೆಕ್ಕ ಕಲಿಸಿ ಬಂದು, ಮನೆಯಲ್ಲಿ ಕನ್ನಡದ ಸಂಪಾದಕನಾಗುತ್ತಿದ್ದೆ. ಪತ್ರಿಕೆಯ ಹೆಸರು ‘ಸೀತನಿ’. ಸುಟ್ಟ ಎಳೆಜೋಳದ ತೆನೆಯಂತೆ ಬಿಸಿಯಾಗಿ, ಸಿಹಿಯಾಗಿ ಇರಲಿ ಎಂಬ ಆಸೆ. ಅಚ್ಚು ಹಾಕಿಸುವ ಶಕ್ತಿ ಇಲ್ಲದ್ದರಿಂದ ಇಡೀ ಪತ್ರಿಕೆಯನ್ನು ನಾನೇ ಕೈಯಲ್ಲಿ ಬರೆಯುತ್ತಿದ್ದೆ. ಇದ್ದದ್ದು ಒಂದೇ ಪ್ರತಿ; ಅದು ಮನೆಯಿಂದ ಮನೆಗೆ, ಊರಿಂದ ಊರಿಗೆ ತಿರುಗಿ, ಎಣ್ಣೆ ಅರಿಶಿನ ಮೆತ್ತಿಕೊಂಡು ಮರಳುತ್ತಿತ್ತು. ಲೇಖಕರು ಸಾಲದಾದಾಗ ನಾನೇ ಮೂರು ಹೆಸರಿನಲ್ಲಿ ಬರೆದು, ಒಬ್ಬನ ಲೇಖನವನ್ನು ಇನ್ನೊಬ್ಬನಿಂದ ಟೀಕೆ ಮಾಡಿಸಿ, ಜಗಳ ಬಿಡಿಸಲು ಸಂಪಾದಕನಾಗಿ ನಾಲ್ಕನೆಯವನಾಗುತ್ತಿದ್ದೆ. ನನ್ನ ಹೆಂಡತಿ ನೀಲಮ್ಮ, “ಒಬ್ಬರ ಪಗಾರದಾಗ ನಾಕು ಮಂದಿಗೆ ರೊಟ್ಟಿ ಹ್ಯಾಂಗ ಬಡೀಲ್ರಿ?” ಎಂದು ಕೇಳುತ್ತಿದ್ದಳು.

ಆ ವರ್ಷ ನಾನೊಂದು ಧಾರಾವಾಹಿ ಶುರುಮಾಡಿದ್ದೆ. ಹೊಳೆದಂಡೆಯ ಹುಲಿಗಿಯ ಜಾತ್ರೆಗೆ ಹೋದ ಗೌರವ್ವ ಗಂಡನೊಡನೆ ಜಗಳಾಡಿ, ಒಬ್ಬಳೇ ಅಂಬಿಗನ ಹರಿಗೋಲು ಹತ್ತುತ್ತಾಳೆ. ನಡುಹೊಳೆಯಲ್ಲಿ ನೀರು ಏರುತ್ತದೆ. ಅಲ್ಲಿಗೆ ‘ಮುಂದುವರಿಯುವುದು’ ಎಂದು ಬರೆದು ಕೈತೊಳೆದುಕೊಂಡಿದ್ದೆ. ಅವಳನ್ನು ಮುಳುಗಿಸುವುದೆಂದು ನಿರ್ಧಾರವೂ ಆಗಿತ್ತು. ಯಾರಾದರೂ ಸಾಯದೆ ಸಾಹಿತ್ಯವಾಗುವುದಿಲ್ಲ ಎಂದು ಆಗ ಬಲವಾಗಿ ನಂಬಿದ್ದೆ.

ಆ ಸಂಚಿಕೆ ತಳಕಲ್ಲು ಎಂಬ ಹಳ್ಳಿಗೆ ಹೋದದ್ದು ತಿರುಗಿ ಬರಲಿಲ್ಲ. ಸರದಿ ಕಾಯುತ್ತಿದ್ದ ಮನೆಗಳವರು ದಾರಿಯಲ್ಲಿ ಹಿಡಿದು ಕೇಳತೊಡಗಿದರು. ನಿಜಾಮರ ಶಾಲೆಗಳಿಗಿದ್ದ ಶುಕ್ರವಾರದ ಸೂಟಿಯಲ್ಲಿ ರೈಲು ಹತ್ತಿ, ಬೈಯಬೇಕಾದ ಮಾತುಗಳನ್ನು ಹಾದಿಯುದ್ದಕ್ಕೂ ತಿದ್ದಿ ತೀಡಿಕೊಂಡು ತಳಕಲ್ಲಿನಲ್ಲಿ ಇಳಿದೆ.

ಪತ್ರಿಕೆ ಇಮಾಮಸಾಬರ ಮನೆಯಲ್ಲಿತ್ತು. ಇಮಾಮಸಾಬರು ಒಂದು ಕಾಲಕ್ಕೆ ಟಪಾಲಿನ ಚೀಲ ಹೊತ್ತು ಯಲಬುರ್ಗಾ, ಕುಷ್ಟಗಿ ಎಂದು ಓಡಾಡಿದವರು. ಈಗ ಹಾಸಿಗೆ ಹಿಡಿದಿದ್ದರು. ಸೊಸೆ ಫಾತಿಮಾ ಗದಗಿನ ಕಡೆಯವಳು. ಅಲ್ಲಿಯ ಶಾಲೆಯಲ್ಲಿ ಕನ್ನಡ ಕಲಿತಿದ್ದಳು. ಮಾವನಿಗೆ ಪತ್ರಿಕೆಯನ್ನು ಓದಿ ಹೇಳುತ್ತಿದ್ದವಳು ಅವಳೇ. ಬಾಗಿಲ ಮರೆಯಿಂದ ಅವಳು ಮೆಲ್ಲಗೆ, “ಹಕೀಮರು ಭಾಳ ದಿನ ಇಲ್ಲ ಅಂದಾರ್ರಿ. ಇವರು ದಿನಾ ಅದ ಕತಿ ಓದಸ್ತಾರ. ಅದಕ್ಕ ಕಳಸಾಕ ಆಗಲಿಲ್ರಿ” ಎಂದಳು.

ತಿದ್ದಿ ತೀಡಿದ್ದ ಬೈಗುಳಗಳನ್ನೆಲ್ಲ ಹೊರಗೇ ಬಿಟ್ಟು ಒಳಗೆ ಹೋದೆ. ಮುದುಕರು ನನ್ನ ಕೈ ಹಿಡಿದು ಕೂರಿಸಿಕೊಂಡರು. “ಮಾಸ್ತರ್ರ, ಆ ಹೆಣ್ಮಗಳನ್ನ ನಡುನೀರಾಗ ಬಿಟ್ಟು ಹ್ಯಾಂಗ ಉಂಡ್ರಿ ನೀವು?”

ಇಂಥ ವಿಮರ್ಶೆ ನನಗೆ ಅದಕ್ಕೆ ಮೊದಲು ಬಂದಿರಲಿಲ್ಲ, ಆಮೇಲೂ ಬಂದಿಲ್ಲ.

“ಜನಮಪೂರ್ತಿ ಮಂದಿ ಕಾಗದ ಹೊತ್ತೀನ್ರಿ. ಓದಿ ಅಳಾವ್ರು, ನಗಾವ್ರು, ಎಲ್ಲಾರನ್ನೂ ನೋಡೀನಿ. ಮುಂದೇನಾತು ಅಂತ ಒಂದೂ ಗೊತ್ತಾಗಲಿಲ್ಲ. ಮುಂದಿನ ಊರಿಗೆ ನಡೀಬೇಕಾಗತಿತ್ತು. ಇದೊಂದನ್ನಾದ್ರೂ ಹೇಳ್ರಿ. ಬದುಕಿದಳೋ ಇಲ್ಲೋ?”

ಆ ಮುಖ ನೋಡಿಕೊಂಡು ಗೌರವ್ವನನ್ನು ಮುಳುಗಿಸುವ ಧೈರ್ಯ ಯಾವ ಸಂಪಾದಕನಿಗಿದೆ? ಹರಿಗೋಲನ್ನು ಒಂದು ಬಂಡೆಗೆ ತಾಗಿಸಿ, ಅಂಬಿಗನ ಕೈಗೆ ಹಗ್ಗ ಕೊಟ್ಟು, ಅಂತೂ ದಡ ಮುಟ್ಟಿಸಿದೆ. ನನಗೇ ಹಗುರೆನಿಸಿತು. ಮುದುಕರು ಕಣ್ಣು ಮುಚ್ಚಿ, “ರಾತ್ರಿ ಎಲ್ಲಿ ಮಲಗಿದಳ್ರಿ? ರೊಟ್ಟಿ ಯಾರು ಕೊಟ್ರು?” ಎಂದರು. ನಾನು ಯೋಚಿಸಿಯೇ ಇರಲಿಲ್ಲ. “ಮುಂದಿನ ಶುಕ್ರವಾರ ಹೇಳ್ತೀನ್ರಿ” ಎಂದು ಎದ್ದೆ.

ಹೀಗೆ ನಾನು ಪ್ರತಿ ಶುಕ್ರವಾರ ತಳಕಲ್ಲಿಗೆ ಹೋಗತೊಡಗಿದೆ. ಮೊದಲು ಪಕ್ಕದ ಮನೆಯ ಬಸಪ್ಪ ಬಂದು ಕೂತ. ಆಮೇಲೆ ಅಂಗಳ ತುಂಬಿತು. ಅದು ಸಭೆ ಸೇರಿಸಲು ಸರಕಾರದ ಅನುಮತಿ ಬೇಕಿದ್ದ ಕಾಲ. ಒಮ್ಮೆ ಪೊಲೀಸ್ ಜವಾನನೊಬ್ಬ ಬಂದು ಗುಂಪು ಯಾತಕ್ಕೆಂದು ಗದರಿದಾಗ ಬಸಪ್ಪ, “ಜಡ್ಡಾದವ್ರನ್ನ ಮಾತಾಡಸಾಕ ಬಂದೀವ್ರಿ” ಎಂದ. ಕಾಯಿಲೆಯವರನ್ನು ನೋಡಲು ಬಂದದ್ದು ಸುಳ್ಳೇನಲ್ಲ. ಜವಾನನೂ ಮೂಲೆಯಲ್ಲಿ ಕೂತು ಗೌರವ್ವ ಕುಷ್ಟಗಿ ದಾಟುವತನಕ ಕೇಳಿ ಹೋದ. ಹಕೀಮರ ಲೆಕ್ಕ ತಪ್ಪಿತು. ಸುಗ್ಗಿ ಕಳೆದು ಬಿಸಿಲು ಬಂದರೂ ಮುದುಕರು ಕೇಳುತ್ತಲೇ ಇದ್ದರು. ಕತೆ ಮುಗಿದರೆ ಎಲ್ಲಿ ಅವರೂ ಮುಗಿಯುತ್ತಾರೋ ಎಂಬ ಅಂಜಿಕೆಯಿಂದ ಪಾಪ, ಆ ಹೆಣ್ಣುಮಗಳನ್ನು ಮನೆ ಸೇರಿಸದೆ ನಾನು ಹೇಮಗುಡ್ಡದವರೆಗೂ ಅಲೆಸಿದೆ.

ಆದರೂ ಒಂದು ಶುಕ್ರವಾರ ನಾನು ಹೋದಾಗ ಅಂಗಳದಲ್ಲಿ ಜನ ನನಗಿಂತ ಮೊದಲೇ ಬಂದು ಕೂತಿದ್ದರು. ಹಿಂದಿನ ದಿನವೇ ಮುದುಕರ ಮಣ್ಣಾಗಿತ್ತು. ಬಾಗಿಲಿಗೆ ಕೈಮುಗಿದು ತಿರುಗಿದೆ.

“ಮಾಸ್ತರ್ರ, ಕುಂದರ್ರಿ,” ಎಂದಳು ಫಾತಿಮಾ. ಅತ್ತು ಅತ್ತು ದನಿ ಒಡೆದಿತ್ತು. “ಮಾವಾರು ಹೇಳಿ ಹೋಗ್ಯಾರ. ನಾ ಇಲ್ಲಂದ್ರೂ ಆಕೀನ ಮನಿ ಮುಟ್ಟಸ್ರಿ ಅಂತ.”

ಅವರು ಮಲಗುತ್ತಿದ್ದ ಖಾಲಿ ಹೊರಸಿನ ಪಕ್ಕ ಕೂತೆ. ಗೌರವ್ವ ತನ್ನ ಊರಿಗೆ ಬಂದಳು. ಬಾಗಿಲು ತಟ್ಟಿದಳು. ಗಂಡ ತೆಗೆದ. ಎಲ್ಲಿದ್ದೆ ಎಂದು ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ಒಳಗೆ ಹೋಗಿ ಕಾಲಿಗೆ ತಂಬಿಗೆ ನೀರು ತಂದುಕೊಟ್ಟ. ಅಲ್ಲಿಗೆ ಕತೆ ಮುಗಿಸಿದೆ. ಫಾತಿಮಾ ಸೆರಗು ಮುಖಕ್ಕೆ ಒತ್ತಿಕೊಂಡು ಒಳಗೆ ಹೋದಳು.

ಬಸಪ್ಪ ಸ್ಟೇಷನ್ನಿನವರೆಗೆ ಕಳಿಸಲು ಬಂದ. ರೈಲು ಕಾಣಿಸಿಕೊಂಡಾಗ ಬಾಯಿಬಿಟ್ಟ. “ಭಾಳ ಛಲೋ ಹೇಳಿದ್ರಿ ಮಾಸ್ತರ್ರ. ಆದರ ಒಂದು ಮಾತು, ಸಿಟ್ಟಾಗಬ್ಯಾಡ್ರಿ. ಇದನ್ನ ಬರ್ಯಾಕ ಹೋಗಬ್ಯಾಡ್ರಿ. ನೀವು ಬರದ್ರ ಕೆಡತೈತಿ.”

ಆಮೇಲೆ ಗಂಗಾವತಿಯಿಂದ ಯಲಬುರ್ಗಾದವರೆಗೆ ಎಷ್ಟೋ ಅಂಗಳಗಳಲ್ಲಿ ಕೂತು ಕತೆ ಹೇಳಿದೆ. ಅದೇ ನನ್ನ ಕಸುಬಾಯಿತು. ಬರೆದುಕೊಡಿ ಎಂದು ಮಾತ್ರ ಇವತ್ತಿನವರೆಗೂ ಯಾರೂ ಕೇಳಿಲ್ಲ. ಇದನ್ನು ಹೊಗಳಿಕೆ ಎಂದೇ ತಿಳಿದುಕೊಂಡಿದ್ದೇನೆ. ಬೇರೆ ರೀತಿ ತಿಳಿಯುವ ವಯಸ್ಸು ನನ್ನದಲ್ಲ.