ಹಸಿರು ಬಳೆಯೂ ಹೆರಿಗೆ ಕಾನೂನೂ

ಕಾನೂನು ಬದಲಾಗುವ ವೇಗಕ್ಕೆ ಸಮನಾಗಿ ಓಡುವುದು ಕಷ್ಟವೆಂದು ಜನ ಹೇಳುತ್ತಾರೆ. ನನಗೆ ಅದು ಕಷ್ಟವೆನಿಸಲಿಲ್ಲ. ಓದು ಬರುವವನಿಗೆ ಗೆಜೆಟ್ ಸಾಕು. ಅದೂ ಬಸ್ಸಿನಲ್ಲಿ ಬರುತ್ತಿತ್ತು. ಚನ್ನರಾಯಪಟ್ಟಣದ ಹತ್ತಿರ ಬಸ್ಸು ಕೆಟ್ಟು ನಿಂತರೆ ಹಾಸನದಲ್ಲಿ ಇನ್ನೊಂದು ದಿನ ಹಳೆಯ ಕಾನೂನೇ ನಡೆಯುತ್ತಿತ್ತು. ಯಾರಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ.

ಎರಡನೆಯ ಮಹಾಯುದ್ಧಕ್ಕೆ ಸ್ವಲ್ಪ ಮೊದಲು ನಾನು ಹಾಸನದ ಒಂದು ಕಾಫಿ ಕಾರ್ಖಾನೆಯಲ್ಲಿ ಆಳುಗಳ ಮೇಲ್ವಿಚಾರಕನಾಗಿದ್ದೆ. ಅದಕ್ಕೂ ಮೊದಲು ಬೆಂಗಳೂರಿನ ಪತ್ರಿಕೆಯೊಂದಕ್ಕೆ ಸುದ್ದಿ ಬರೆಯುತ್ತಿದ್ದೆ. ಕಂಡದ್ದನ್ನು ಕಂಡ ಹಾಗೆ ಹೇಳುವವನು ಎಂಬ ಒಂದೇ ಗುಣ ನೋಡಿ ಸಾಹುಕಾರರು ನನ್ನನ್ನು ಇಟ್ಟುಕೊಂಡಿದ್ದರು. ಹೊಸ ಕಾನೂನನ್ನು ಓದಿ ಹೇಳುವುದು ನನ್ನ ಕೆಲಸ, ಕಣ್ಣು ಮುಚ್ಚಿ ಕೇಳುವುದು ಅವರದು. ಕೆಲಸದ ಗಂಟೆ ಕಡಿಮೆಯಾಯಿತೆಂದರೆ ಒಂದು ನಿಟ್ಟುಸಿರು, ಕುಡಿಯುವ ನೀರು ಇಡಬೇಕೆಂದರೆ ಇನ್ನೂ ದೊಡ್ಡ ನಿಟ್ಟುಸಿರು. ಹೆರಿಗೆ ಭತ್ಯೆಯ ಕಾನೂನು ಓದಿದ ದಿನ ಮಾತ್ರ ಕಣ್ಣು ತೆರೆದರು. ಬಸುರಿಯೆಂದು ತಿಳಿಸಿದ ಹೆಂಗಸಿಗೆ ರಜೆ ಕೊಡಬೇಕು, ಭತ್ಯೆ ಕೊಡಬೇಕು, ಆ ಕಾರಣಕ್ಕೆ ಅವಳನ್ನು ತೆಗೆಯುವಂತಿಲ್ಲ.

“ತಿಳಿಸಿದ ಮೇಲೆ ತಾನೆ?” ಎಂದರು.

“ಹೌದು.”

“ಹಾಗಾದ್ರೆ ಅವಳು ತಿಳಿಸೋಕೆ ಮುಂಚೆ ನಮಗೆ ತಿಳೀಬೇಕು.”

ತಿಳಿಯುವುದು ಸುಲಭವಾಗಿತ್ತು. ನಮ್ಮ ಕಡೆ ಏಳನೆಯ ತಿಂಗಳಿಗೆ ಬಸುರಿಯ ಕೈತುಂಬ ಹಸಿರು ಗಾಜಿನ ಬಳೆ ತೊಡಿಸುತ್ತಾರೆ. ಬೀಜ ಆರಿಸುವ ಹೆಂಗಸರ ನಡುವೆ ಶಾಂತಿಗ್ರಾಮದ ಕೆಂಪಮ್ಮ ಒಂದು ಬೆಳಿಗ್ಗೆ ಹಾಗೆ ಬಂದು ಕೂತಳು. ಪಕ್ಕದಲ್ಲಿ ಅವಳ ಅತ್ತೆ ಬೋರಮ್ಮ. ನಾನು ಹತ್ತಿರ ಹೋಗಿ, ಬಾಯಿಬಿಟ್ಟು ಒಂದು ಮಾತು ಹೇಳಿದರೆ ಮುಂದಿನದನ್ನು ಕಾನೂನು ನೋಡಿಕೊಳ್ಳುತ್ತದೆ ಎಂದೆ. ಕೆಂಪಮ್ಮ ತಲೆ ತಗ್ಗಿಸಿದಳು.

“ಗಂಡಸ್ರ ಮುಂದೆ ಅದ್ನ ಯೋಳಾಕಾಯ್ತದಾ ಸಾ?” ಎಂದಳು ಬೋರಮ್ಮ. “ದಿಷ್ಟಿ ಆಯ್ತದೆ. ಮೊದ್ಲೇ ಒಂದು ಓಗೈತೆ.”

“ಹಾಗಾದ್ರೆ ನೀನು ಹೇಳು.”

“ನಾನ್ಯಾಕೆ ಯೋಳ್ಲಿ? ಬಳೆ ಕಾಣಾಕಿಲ್ವಾ?”

“ನನಗೆ ಕಾಣುತ್ತೆ. ಕಾನೂನಿಗೆ ಕಿವಿ ಮಾತ್ರ ಇರೋದು ಬೋರಮ್ಮ.”

“ಅಯ್ಯ, ಕುಲ್ಡು ಕಾನೂನು ಕಟ್ಕೊಂಡು ನೀವೇನ್ ಬಾಳಾಟ ಮಾಡೀರಿ ಸಾ.”

ಸುತ್ತಲಿನ ಹೆಂಗಸರು ನಕ್ಕರು. ಕೆಂಪಮ್ಮನೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು, ಬಳೆ ಸದ್ದಾಯಿತು.

ಸಂಜೆ ಸಾಹುಕಾರರು ಕೇಳಿದರು, ಹೊಸದಾಗಿ ಬಸುರಿಯರು ಯಾರಾದರೂ ಇದ್ದಾರೆಯೇ ಎಂದು. ಕಂಡದ್ದನ್ನು ಹೇಳಿದೆ. ಅವಳು ತಿಳಿಸಿದ್ದಾಳೆಯೇ ಎಂದರು. ಇಲ್ಲ ಎಂದೆ. ಎರಡರಲ್ಲೂ ಸುಳ್ಳಿರಲಿಲ್ಲ.

ಮರುದಿನ ಮೇಸ್ತ್ರಿ ಕೆಂಪಮ್ಮನನ್ನು ಗೇಟಿನಲ್ಲೇ ತಡೆದ. ಕೆಲಸ ನಿಧಾನವಂತೆ. ನಿಧಾನದ ಬಗ್ಗೆ ಯಾವ ಕಾನೂನೂ ಇರಲಿಲ್ಲ. ನಾನು ಹುಡುಕಿ ನೋಡಿದೆ. ಬೋರಮ್ಮ ಒಳಗೆ ಬಂದು ಬೀಜ ಆರಿಸುತ್ತ ಕೂತಳು, ತನ್ನ ಕೆಲಸವಾದರೂ ಉಳಿಯಬೇಕಲ್ಲ. ಕೆಂಪಮ್ಮ ಕೆರೆ ಏರಿಗೆ ಮಣ್ಣು ಹೊರಲು ಹೋಗುತ್ತಿದ್ದಾಳೆಂದು ಯಾರೋ ಹೇಳಿದರು. ಕೆಲವು ವಾರಗಳ ಮೇಲೆ ಬೋರಮ್ಮನನ್ನು ಸೊಸೆ ಹೇಗಿದ್ದಾಳೆಂದು ಕೇಳಿದೆ.

“ಅದೂ ಓಯ್ತು ಸಾ,” ಎಂದು ಕಪ್ಪು ಬೀಜವೊಂದನ್ನು ಆರಿಸಿ ಪಕ್ಕಕ್ಕೆ ಹಾಕಿದಳು.

ಆಮೇಲೆ ಹೆಂಗಸರು ಬಳೆಗಳನ್ನು ಗೇಟಿನ ಹೊರಗೇ ತೆಗೆದು ಮಡಿಲಿಗೆ ಕಟ್ಟಿಕೊಂಡು ಬರತೊಡಗಿದರು, ಬಸುರಿಯರೂ ಅಲ್ಲದವರೂ. ಬರಿಗೈಯಲ್ಲಿ ಬೀಜ ಆರಿಸುವಾಗ ಅಷ್ಟು ದೊಡ್ಡ ಷೆಡ್ಡಿನಲ್ಲಿ ಸದ್ದೇ ಇರಲಿಲ್ಲ. ತನಿಖೆಗೆ ಬಂದ ಫ್ಯಾಕ್ಟರಿ ಇನ್ಸ್‌ಪೆಕ್ಟರು ಶಿಸ್ತನ್ನು ಮೆಚ್ಚಿಕೊಂಡರು. ಸಾಹುಕಾರರು ನನ್ನ ಕಡೆ ಕೈ ತೋರಿಸಿದರು.

ಅದೇ ವರ್ಷ ಹೊಳೆನರಸೀಪುರದಲ್ಲಿ, ನನ್ನ ಮಗಳ ಅತ್ತೆಮನೆಯಲ್ಲಿ, ಅವಳ ಸೀಮಂತ. ಕಾರ್ಖಾನೆಯ ಸುದ್ದಿ ನನಗಿಂತ ಮುಂಚೆ ಅಲ್ಲಿಗೆ ತಲುಪಿತ್ತು. ಮಗಳು ನಮಸ್ಕಾರಕ್ಕೆ ಬಂದಾಗ ಅವಳ ಅತ್ತೆ, “ಕೈ ಮುಚ್ಕೋಮ್ಮ, ನಿಮ್ಮಪ್ಪ ಕೆಲಸದಿಂದ ತೆಗೆಸಿಬಿಟ್ಟಾರು,” ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮಗಳು ನಗಲಿಲ್ಲ. ಸೆರಗಿನೊಳಗೆ ಎಳೆದುಕೊಂಡ ಕೈಯನ್ನು ನಾನು ಹೊರಡುವವರೆಗೂ ಹೊರಗೆ ತೆಗೆಯಲಿಲ್ಲ.

ಜ್ವರದಿಂದ ಹಾಸನದಲ್ಲೇ ಉಳಿದಿದ್ದ ನನ್ನ ಹೆಂಡತಿ, ನಾನು ಚಪ್ಪಲಿ ಬಿಡುವ ಮೊದಲೇ, ಮಗಳ ಕೈಗೆ ಹಸಿರು ಬಳೆ ಹೇಗೆ ಕಾಣುತ್ತಿತ್ತೆಂದು ಕೇಳಿದಳು.

“ಕಾಣಲಿಲ್ಲ,” ಎಂದೆ.

“ನಿಮಗಾ?” ಎಂದಳು.